ಎರಡು ಬೀಗಗಳ ಬಾಗಿಲು

ನಾವು ನೌಕರಿಗೆ ಸೇರಿದ ಹೊಸತು, 2003ನೆಯ ಇಸವಿ. ಮುಂಬಯಿಯಲ್ಲಿ ಕೇಂದ್ರ ಸರಕಾರದ ಒಂದು ಕಚೇರಿ. ಯಾವುದೆಂದು ಹೇಳುವುದು ಬೇಡ. ನಮ್ಮ ಸೆಕ್ಷನ್ನಿನ ಕಿಟಕಿಯ ಕಟ್ಟೆಯ ಮೇಲೆ ನೀರಿನ ಮಡಕೆ, ಅದರ ಪಕ್ಕದಲ್ಲಿ ಬೋರಲು ಹಾಕಿದ ನಾಲ್ಕು ಸ್ಟೀಲು ಲೋಟಗಳು ಇರುತ್ತಿದ್ದವು. ಐದನೆಯ ಲೋಟವೊಂದು ಮಾತ್ರ ಕಪಾಟಿನ ಹಿಂದೆ, ಮೊಳೆಗೆ ತೂಗುಹಾಕಿದ ಪ್ಲಾಸ್ಟಿಕ್ ಚೀಲದಲ್ಲಿ. ಅದು ನಮ್ಮ ಜವಾನರದು. ಅವರು ವಿಜಾಪುರದ ಕಡೆಯವರು, ನಮಗಿಂತ ಹದಿನೈದು ವರ್ಷ ಹಿರಿಯರು. ಕನ್ನಡದವರೆಂಬ ಸಲಿಗೆಯಿಂದ ನಾವು ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆವು. ಅವರಿಗೆ 'ಆ ರೋಗ' ಇದೆಯೆಂಬುದು ಸೆಕ್ಷನ್ನಿನಲ್ಲಿ ಎಲ್ಲರಿಗೂ ತಿಳಿದಿತ್ತು. ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವರು ನಮ್ಮ ಮೇಜಿನ ಹತ್ತಿರ ಬಂದು ನಿಂತರು.

"ಸಾಹೇಬ್ರ, ನೀವು ಸಾಯನ್ಸ್ ಕಲ್ತಾವ್ರು. ಇದು ಲೋಟಕ್ಕ ಹತ್ತತೈತೇನ್ರಿ?"

"ಇಲ್ಲ ಕಾಕಾ," ಎಂದೆವು.

"ಯಾಕ ಹತ್ತೂದಿಲ್ಲ?"

ಈ ಎರಡನೆಯ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರವನ್ನೇ ಓದಿದ್ದೆವು, ಕಪ್ಪೆ ಕೊಯ್ದಿದ್ದೆವು, ಒಳ್ಳೆಯ ಅಂಕಗಳೂ ಬಂದಿದ್ದವು. ಆದರೆ 'ಮುಟ್ಟಿದರೆ ಬರುವುದಿಲ್ಲ' ಎಂಬ ಮಾತನ್ನು ಕಲಿತದ್ದು ರೈಲ್ವೆ ನಿಲ್ದಾಣದ ಗೋಡೆಯ ಜಾಹೀರಾತಿನಿಂದ. ಜಾಹೀರಾತು ಏಕೆ ಎಂಬುದನ್ನು ಹೇಳುವುದಿಲ್ಲ. ಕಾರಣ ತಿಳಿಯದ ನಂಬಿಕೆ ಎಷ್ಟು ಗಟ್ಟಿ ಎಂಬುದಕ್ಕೆ ಸಾಕ್ಷಿಯಾಗಿ ಒಂದು ಮಾತು ಒಪ್ಪಿಕೊಳ್ಳಬೇಕು: ಆ ಐದನೆಯ ಲೋಟವನ್ನು ನಾವೂ ಒಮ್ಮೆಯೂ ಮುಟ್ಟಲಿಲ್ಲ.

ಆ ಉತ್ತರವನ್ನು ನಾವು ಮುಂದೆ ಬಿಡುವಿನ ವೇಳೆಯಲ್ಲಿ ಗ್ರಂಥಾಲಯಗಳಲ್ಲಿ ಹುಡುಕಿ ಓದಿದೆವು. ಅದರ ಇತಿಹಾಸ ಏಡ್ಸ್‌ಗಿಂತ ಎಪ್ಪತ್ತು ವರ್ಷ ಹಳೆಯದು. ಶುರುವಾಗುವುದು ಒಂದು ಕೋಳಿಯಿಂದ. ಸಂಘದ ಓದುಗರಲ್ಲಿ ವಿಜ್ಞಾನ ಓದಿದವರೂ ಇದ್ದಾರೆ, ಓದದವರೂ ಇದ್ದಾರೆ. ಎರಡನೆಯವರನ್ನು ಎದುರಿಗೆ ಕೂರಿಸಿಕೊಂಡು ಹೇಳಿದಂತೆ ಬರೆಯುತ್ತಿದ್ದೇವೆ. ಮೊದಲಿನವರು ಸಹಿಸಿಕೊಳ್ಳಬೇಕು.

ವೈರಸ್ಸೆಂದರೆ ಸ್ವಂತ ಅಡುಗೆಮನೆ ಇಲ್ಲದ ಜೀವಿ. ಜೀವಿ ಎನ್ನಬಹುದೇ ಎಂಬ ಚರ್ಚೆಯೂ ಇದೆ. ಇನ್ನೊಬ್ಬರ ಜೀವಕೋಶದೊಳಗೆ ಹೊಕ್ಕು, ಅಲ್ಲಿನ ಪಾತ್ರೆ ಪಡಗ ಬಳಸಿಯೇ ಅದು ತನ್ನ ಸಂತಾನವನ್ನು ಬೆಳೆಸಬೇಕು. ಹೊರಗಿದ್ದಷ್ಟು ಹೊತ್ತು ಅದು ಬರಿಯ ಧೂಳಿಗೆ ಸಮ. ನಾವು ಹೇಳಹೊರಟಿರುವ ರೆಟ್ರೊವೈರಸ್ಸು ಒಂದು ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗದಷ್ಟು ಅಗಲದ ಗುಂಡು. ಅದರ ಮೇಲೆ ಎಣ್ಣೆಪೊರೆಯಂಥ ಒಂದು ಹೊದಿಕೆ, ಹೊದಿಕೆಯ ಮೇಲೆ ಅಲ್ಲಲ್ಲಿ ಚಾಚಿಕೊಂಡಿರುವ ಪ್ರೋಟೀನಿನ ಮೊಳೆಗಳು. ಜೀವಕೋಶಕ್ಕೂ ಅಂಥದೇ ಪೊರೆ ಇದೆ. ಅದರ ಮೇಲೂ ಬಗೆಬಗೆಯ ಪ್ರೋಟೀನುಗಳಿವೆ. ವೈರಸ್ಸಿನ ಮೊಳೆ ಕೋಶದ ಯಾವುದಾದರೊಂದು ಪ್ರೋಟೀನಿಗೆ ಸರಿಯಾಗಿ ಕೂತರೆ ಮಾತ್ರ ಬಾಗಿಲು ತೆರೆಯುತ್ತದೆ. ಕೋಶದ ಈ ಪ್ರೋಟೀನಿಗೆ ನಮ್ಮ ಪಠ್ಯಪುಸ್ತಕಗಳು 'ಗ್ರಾಹಕ' ಎಂದು ಹೆಸರಿಟ್ಟಿವೆ. ಅಂಗಡಿಯ ಗಿರಾಕಿಯೂ ಗ್ರಾಹಕನೇ ಆದ್ದರಿಂದ ಗೊಂದಲವಾದೀತೆಂದು ನಾವು ಇಲ್ಲಿ ಬೀಗ ಎಂದೇ ಕರೆಯುತ್ತೇವೆ. ವೈರಸ್ಸಿನ ಮೊಳೆಯನ್ನು ಹಳೇ ಮೈಸೂರಿನವರು ಬೀಗದ ಕೈ ಎಂದುಕೊಳ್ಳಲಿ, ನಮ್ಮ ಕಡೆಯವರು ಕೀಲಿಕೈ ಎಂದುಕೊಳ್ಳಲಿ.

1909ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಗೆ ಪ್ಲಿಮತ್ ರಾಕ್ ಜಾತಿಯ ಒಂದು ಕೋಳಿ ಬಂತು. ಎದೆಯ ಮೇಲೆ ದೊಡ್ಡ ಗಂಟು. ಅಲ್ಲಿದ್ದ ತರುಣ ವಿಜ್ಞಾನಿ ಪೇಟನ್ ರೌಸ್ ಆ ಗಂಟನ್ನು ಅರೆದು, ಜೀವಕೋಶಗಳೂ ಬ್ಯಾಕ್ಟೀರಿಯಗಳೂ ದಾಟಲಾರದಂಥ ಶೋಧಕದಲ್ಲಿ ಸೋಸಿ, ಉಳಿದ ತಿಳಿಯನ್ನು ಬೇರೆ ಕೋಳಿಗಳಿಗೆ ಚುಚ್ಚಿದರು. ಅವಕ್ಕೂ ಗಂಟು ಬಂತು. 1911ರಲ್ಲಿ ಇದನ್ನು ಪ್ರಕಟಿಸಿದಾಗ ಹೆಚ್ಚಿನವರು ನಂಬಲಿಲ್ಲ. ಅರ್ಬುದವು ವೈರಸ್ಸಿನಿಂದ ಬರುವುದುಂಟೆ, ಅದೂ ಕೋಳಿಯಲ್ಲಿ ಕಂಡದ್ದು ಮನುಷ್ಯರಿಗೆ ಏನು ಲೆಕ್ಕ ಎಂದರು. (1908ರಲ್ಲೇ ಕೋಪನ್‌ಹೇಗನ್ನಿನ ಎಲ್ಲರ್‌ಮನ್ ಮತ್ತು ಬ್ಯಾಂಗ್ ಕೋಳಿಗಳ ರಕ್ತದ ಅರ್ಬುದವೂ ಹೀಗೆಯೇ ಸೋಸಿದ ದ್ರವದಿಂದ ಹರಡುತ್ತದೆಂದು ತೋರಿಸಿದ್ದರು, ಅವರ ಗತಿಯೂ ಅದೇ.) ರೌಸ್ ಕೆಲವು ವರ್ಷಗಳಲ್ಲಿ ಕೋಳಿಗಳನ್ನು ಬಿಟ್ಟು ಬೇರೆ ಕೆಲಸ ಹಿಡಿದರು. ರಕ್ತವನ್ನು ಕೆಡದಂತೆ ಕಾಯ್ದಿಡುವ ದ್ರಾವಣವೊಂದನ್ನು ಇನ್ನೊಬ್ಬರೊಡನೆ ಸೇರಿ 1916ರಲ್ಲಿ ತಯಾರಿಸಿದರು. ಮೊದಲ ಮಹಾಯುದ್ಧದಲ್ಲಿ ಅದು ಗಾಯಾಳುಗಳ ಜೀವ ಉಳಿಸಿತು. ಕೋಳಿಯ ಕೆಲಸಕ್ಕೆ ನೊಬೆಲ್ ಬಹುಮಾನ ಬಂದದ್ದು 1966ರಲ್ಲಿ, ಅವರ 87ನೆಯ ವಯಸ್ಸಿನಲ್ಲಿ. ನಮ್ಮ ಇಲಾಖೆಯಲ್ಲಿ ಬಡ್ತಿಯ ಕಡತ ನಿಧಾನವೆಂದು ಗೊಣಗುವವರು ಈ ಐವತ್ತೈದು ವರ್ಷಗಳನ್ನು ನೆನೆಯಬಹುದು.

ಇರಲಿ. ಬಾಗಿಲಿನ ವಿಚಾರ ಹೊರಬಿದ್ದದ್ದು ಒಂದು ತೊಂದರೆಯಿಂದ. 1958ರಲ್ಲಿ ಹೋವರ್ಡ್ ಟೆಮಿನ್ ಮತ್ತು ಹ್ಯಾರಿ ರೂಬಿನ್ ಎಂಬಿಬ್ಬರು ರೌಸ್ ವೈರಸ್ಸನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಳಿಮರಿಯ ಕೋಶಗಳ ಮೇಲೆ ಎಣಿಸುವ ಉಪಾಯ ಕಂಡುಹಿಡಿದರು. ಎಷ್ಟು ವೈರಸ್ಸು ಹೊಕ್ಕಿತೋ ಅಷ್ಟು ಚುಕ್ಕೆಗಳು ತಟ್ಟೆಯಲ್ಲಿ ಏಳುತ್ತಿದ್ದವು. ಆದರೆ ಕೆಲವು ಮೊಟ್ಟೆಗಳಿಂದ ಪಡೆದ ಕೋಶಗಳ ಮೇಲೆ ಎಷ್ಟೇ ವೈರಸ್ಸು ಸುರಿದರೂ ಚುಕ್ಕೆ ಏಳುತ್ತಿರಲಿಲ್ಲ. ಬೇರೊಬ್ಬರಾಗಿದ್ದರೆ ಆ ಮೊಟ್ಟೆಗಳನ್ನು ಎಸೆದು ಹೊಸ ಡಜನ್ ತರಿಸುತ್ತಿದ್ದರು. ರೂಬಿನ್ ಅವುಗಳನ್ನೇ ಹಿಡಿದು ಕೂತರು. 1960ರಲ್ಲಿ ಕಾರಣ ಸಿಕ್ಕಿತು. ಆ ಮೊಟ್ಟೆಗಳೊಳಗೆ, ತಾಯಿಕೋಳಿಯಿಂದಲೇ ಬಂದ ಇನ್ನೊಂದು ವೈರಸ್ಸು ಮೊದಲೇ ಸದ್ದಿಲ್ಲದೆ ಸೇರಿಕೊಂಡಿತ್ತು. ಮೊದಲು ಬಂದವನು ಎರಡನೆಯವನನ್ನು ಒಳಗೆ ಬಿಡುತ್ತಿರಲಿಲ್ಲ.

ಹೇಗೆ ತಡೆಯುತ್ತದೆ? ಬೀಗದೊಳಗೆ ಒಂದು ಕೀಲಿಕೈ ಮುರಿದು ಸಿಕ್ಕಿಕೊಂಡರೆ ಇನ್ನೊಂದು ಕೀಲಿಕೈ ತೂರುವುದಿಲ್ಲ, ಅಲ್ಲವೆ? ಒಳಗಿರುವ ವೈರಸ್ಸು ತನ್ನ ಹೊದಿಕೆಯ ಪ್ರೋಟೀನನ್ನು ಕೋಶದಲ್ಲಿಯೇ ರಾಶಿರಾಶಿಯಾಗಿ ತಯಾರಿಸುತ್ತದೆ. ಆ ಪ್ರೋಟೀನು ಕೋಶದ ಬೀಗಗಳನ್ನೆಲ್ಲ ಹಿಡಿದುಕೊಂಡುಬಿಡುತ್ತದೆ. ಅದೇ ಬೀಗಕ್ಕೆ ಹೊಂದುವ ಇನ್ನೊಂದು ವೈರಸ್ಸು ಬಂದರೆ ಅದಕ್ಕೆ ಜಾಗವಿಲ್ಲ; ಬೇರೆ ಬೀಗಕ್ಕೆ ಹೊಂದುವ ವೈರಸ್ಸಾದರೆ ಅಡ್ಡಿಯಿಲ್ಲದೆ ಹೋಗುತ್ತದೆ. ಯಾವುದು ಯಾವುದನ್ನು ತಡೆಯುತ್ತದೆ ಎಂದು ಪರೀಕ್ಷಿಸಿಯೇ, ಬೀಗಗಳನ್ನು ಕಣ್ಣಾರೆ ಕಾಣದೆ, ಅವು ಎಷ್ಟು ಬಗೆ ಎಂದು ಲೆಕ್ಕ ಹಾಕಿದರು. ಪೀಟರ್ ವೋಗ್ಟ್ ಮೊದಲಾದವರು ಕೋಳಿಯ ವೈರಸ್ಸುಗಳನ್ನು ಎ, ಬಿ, ಸಿ ಎಂದು ಪಂಗಡಗಳಾಗಿ ವಿಂಗಡಿಸಿದ್ದಕ್ಕೆ ಈ ತಡೆಯೂ ಒಂದು ಆಧಾರ.

ರೂಬಿನ್ನರ ಜೊತೆ ಕೆಲಸ ಮಾಡಲು ಜಪಾನಿನಿಂದ ಬರ್ಕ್ಲಿಗೆ ಬಂದ ಹಿದೆಸಾಬುರೊ ಹನಾಫುಸಾ ಮತ್ತು ಅವರ ಹೆಂಡತಿ ತೆರುಕೊ ಹನಾಫುಸಾ ಇನ್ನೊಂದು ಹೆಜ್ಜೆ ಮುಂದೆ ಹೋದರು. ರೌಸ್ ವೈರಸ್ಸಿನ ಒಂದು ತಳಿ ಕೋಶದೊಳಗೆ ಹೊಕ್ಕರೆ ಕೋಶವೇನೋ ಅರ್ಬುದವಾಗುತ್ತಿತ್ತು. ಆದರೆ ಸೋಂಕು ಹರಡುವಂಥ ಹೊಸ ವೈರಸ್ಸು ಹೊರಬರುತ್ತಿರಲಿಲ್ಲ. ಜೊತೆಯಲ್ಲಿ ಇನ್ನೊಂದು ವೈರಸ್ಸನ್ನು ಬಿಟ್ಟರೆ ಬರುತ್ತಿತ್ತು. ಆ ತಳಿಗೆ ಸ್ವಂತ ಹೊದಿಕೆಯ ಪ್ರೋಟೀನೇ ಇಲ್ಲ, ಜೊತೆಗಾರನ ಅಂಗಿಯನ್ನು ಎರವಲು ತೊಟ್ಟು ಹೊರಡುತ್ತದೆ ಎಂದು 1963ರಲ್ಲಿ ರೂಬಿನ್ನರೊಡನೆ ಅವರು ಬರೆದ ಲೇಖನದಿಂದ ಸ್ಪಷ್ಟವಾಗತೊಡಗಿತು. ಸ್ವಾರಸ್ಯವೆಂದರೆ, ಯಾರ ಅಂಗಿ ತೊಟ್ಟಿತೋ ಅವರು ಹೋಗಬಲ್ಲ ಕೋಳಿಗಳಿಗೆ ಮಾತ್ರ ಅದು ಹೋಗಬಲ್ಲದು. ಒಳಗಿನ ಸರಕು ಒಂದೇ, ಅಂಗಿ ಬದಲಾದರೆ ಪ್ರವೇಶವೂ ಬದಲು. ಆದ್ದರಿಂದ ಬಾಗಿಲು ತೆರೆಯುವ ವಿದ್ಯೆ ಇರುವುದು ಅಂಗಿಯಲ್ಲಿ. ಈ ಎರವಲು ಅಂಗಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಲಂಡನ್ನಿನಲ್ಲಿ ಮತ್ತೆ ಬರುತ್ತದೆ.

ಕೋಳಿಗಳ ಕಡೆಯಿಂದಲೂ ಒಂದು ಪಾಠ ಬಂತು. ಕೆಲವು ವಂಶದ ಕೋಳಿಗಳಿಗೆ ಒಂದು ಪಂಗಡದ ವೈರಸ್ಸು ತಾಗುತ್ತಲೇ ಇರಲಿಲ್ಲ. ಅವನ್ನು ತಾಗುವ ಕೋಳಿಗಳೊಡನೆ ಕೂಡಿಸಿದರೆ ಮರಿಗಳಿಗೆಲ್ಲ ತಾಗುತ್ತಿತ್ತು. ಆ ಮರಿಗಳನ್ನು ತಮ್ಮತಮ್ಮಲ್ಲೇ ಕೂಡಿಸಿದರೆ ನಾಲ್ಕರಲ್ಲಿ ಒಂದಕ್ಕೆ ತಾಗುತ್ತಿರಲಿಲ್ಲ. ಬಟಾಣಿ ಗಿಡದ ಮೆಂಡೆಲ್ ಲೆಕ್ಕವನ್ನು ಶಾಲೆಯಲ್ಲಿ ಮಾಡಿದವರಿಗೆ ಇದರ ಅರ್ಥ ಹೊಳೆಯುತ್ತದೆ. ತಾಗುವುದು ಪ್ರಬಲ ಗುಣ, ತಾಗದಿರುವುದು ದುರ್ಬಲ ಗುಣ. ಅಂದರೆ ತಾಗದ ಕೋಳಿಯಲ್ಲಿ ವಿಶೇಷ ಶಕ್ತಿಯೇನೂ ಇಲ್ಲ. ತಾಗುವ ಕೋಳಿಯಲ್ಲಿರುವ ಏನೋ ಒಂದು ಅದರಲ್ಲಿ ಇಲ್ಲ. ಬೀಗವೇ ಇಲ್ಲದ ಗೋಡೆಗೆ ಕೀಲಿಕೈ ಹಿಡಿದು ನಿಂತಂತೆ. ಮೂವತ್ತು ವರ್ಷಗಳ ತರುವಾಯ ಇದೇ ಲೆಕ್ಕ ಮನುಷ್ಯರಲ್ಲಿ ಕಂಡುಬಂದಾಗ ಜಗತ್ತು ಬೆರಗಾಯಿತು. ಕೋಳಿ ಸಾಕಿದವರು ಆಗಲಿಲ್ಲವೇನೋ.

1970ರಲ್ಲಿ ಟೆಮಿನ್ ಮತ್ತು ಮಿಜುತಾನಿ ಒಂದು ಕಡೆ, ಡೇವಿಡ್ ಬಾಲ್ಟಿಮೋರ್ ಇನ್ನೊಂದು ಕಡೆ, ಈ ವೈರಸ್ಸುಗಳು ತಮ್ಮ ಆರ್.ಎನ್.ಎ.ಯನ್ನು ಡಿ.ಎನ್.ಎ.ಯಾಗಿ ಹಿಮ್ಮುಖ ನಕಲು ಮಾಡುವ ಕಿಣ್ವವನ್ನು ಹೊತ್ತಿವೆ ಎಂದು ತೋರಿಸಿದರು. ರೆಟ್ರೊವೈರಸ್ಸು ಎಂಬ ಹೆಸರು ಬಂದದ್ದು ಇದರಿಂದಲೇ. ಹೀಗೆ ನಕಲಾದ ಪ್ರತಿ ಕೋಶದ ವರ್ಣತಂತುವಿನಲ್ಲೇ ಸೇರಿಹೋಗುತ್ತದೆ. ಎಲ್ಲರ ಗಮನ ಮನೆಯೊಳಗೆ ಏನಾಗುತ್ತದೆ ಎಂಬುದರತ್ತ ತಿರುಗಿತು. ಬಾಗಿಲನ್ನು ಮತ್ತೆ ನೋಡುವಂತೆ ಮಾಡಿದ್ದು ಏಡ್ಸ್.

ಅಮೆರಿಕದಲ್ಲಿ ಆ ರೋಗ ಗುರುತಾದದ್ದು 1981ರಲ್ಲಿ. 1983ರಲ್ಲಿ ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯ ಫ್ರಾನ್ಸ್ವಾಸ್ ಬಾರ್‍ರೆ-ಸಿನೂಸಿ ಮತ್ತು ಲೂಕ್ ಮಾಂಟಾನಿಯೇ ಅವರ ತಂಡ ವೈರಸ್ಸನ್ನು ಬೇರ್ಪಡಿಸಿತು. ನಮ್ಮ ದೇಶದಲ್ಲಿ 1986ರಲ್ಲಿ ಮದ್ರಾಸು ಮೆಡಿಕಲ್ ಕಾಲೇಜಿನ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ರಕ್ತದ ಮಾದರಿಗಳಲ್ಲಿ ಅದರ ಗುರುತನ್ನು ಮೊದಲ ಬಾರಿಗೆ ಪತ್ತೆ ಹಚ್ಚಿದರು. ಇಂಥ ರೋಗ ನಮ್ಮ ದೇಶಕ್ಕೆ ಬರಲಾರದೆಂದು ದೊಡ್ಡವರೇ ನಂಬಿದ್ದ ಕಾಲ ಅದು.

ಈ ವೈರಸ್ಸು ರಕ್ತದ ಒಂದೇ ಬಗೆಯ ಬಿಳಿ ಕೋಶಗಳನ್ನು, ದೇಹದ ಕಾವಲು ಪಡೆಗೆ ಅಪ್ಪಣೆ ಕೊಡುವ ಸಹಾಯಕ ಟಿ ಕೋಶಗಳನ್ನು, ಹೆಚ್ಚಾಗಿ ಹಾಳುಮಾಡುತ್ತದೆಂದು ವೈದ್ಯರು ಕಂಡಿದ್ದರು. ಆ ಕೋಶಗಳ ಮೇಲ್ಮೈಯಲ್ಲಿರುವ ಯಾವುದು ಬೀಗ? ಲಂಡನ್ನಿನಲ್ಲಿ ರಾಬಿನ್ ವೈಸ್ ಅವರ ತಂಡ ಒಂದು ಸರಳ ಪರೀಕ್ಷೆ ಮಾಡಿತು. ಕೋಶದ ಬೇರೆಬೇರೆ ಪ್ರೋಟೀನುಗಳಿಗೆ ಅಂಟಿ ಅವನ್ನು ಮುಚ್ಚುವ ಪ್ರತಿಕಾಯಗಳು ದೊರೆಯುತ್ತವೆ. ಒಂದೊಂದನ್ನೇ ಹಾಕಿ, ಯಾವುದನ್ನು ಮುಚ್ಚಿದರೆ ವೈರಸ್ಸು ನಿಲ್ಲುತ್ತದೆ ಎಂದು ನೋಡುವುದು. 155 ಪ್ರತಿಕಾಯಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ 14 ಒಂದೇ ಪ್ರೋಟೀನಿಗೆ ಅಂಟುವಂಥವು. ಆ ಹದಿನಾಲ್ಕೂ ವೈರಸ್ಸನ್ನು ತಡೆದವು. ಆ ಪ್ರೋಟೀನಿಗೆ ಈಗ ಸಿಡಿ4 ಎಂದು ಹೆಸರು. ಪರೀಕ್ಷೆಯ ಒಂದು ಭಾಗಕ್ಕೆ ಅವರು ದನಗಳ ಬಾಯಿಯಲ್ಲಿ ಗುಳ್ಳೆ ಏಳಿಸುವ ಬೇರೊಂದು ವೈರಸ್ಸಿಗೆ ಏಡ್ಸ್ ವೈರಸ್ಸಿನ ಅಂಗಿ ತೊಡಿಸಿದ್ದರು. ಹನಾಫುಸಾ ದಂಪತಿಗಳ ಎರವಲು ಅಂಗಿಯೇ ಅದು. ವೈಸ್ ಅವರೂ ಮೊದಲು ಕೋಳಿಯ ವೈರಸ್ಸುಗಳ ಮೇಲೆ ಕೆಲಸ ಮಾಡಿದವರು. ಅದೇ ಹೊತ್ತಿಗೆ ಪ್ಯಾರಿಸ್ಸಿನ ಇನ್ನೊಂದು ತಂಡಕ್ಕೂ ಅದೇ ಉತ್ತರ ಸಿಕ್ಕಿತ್ತು. ಎರಡೂ ಲೇಖನಗಳು 1984ರ ಡಿಸೆಂಬರಿನಲ್ಲಿ 'ನೇಚರ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಅಚ್ಚಾದವು.

ಬೀಗ ಸಿಕ್ಕಿತಲ್ಲ, ಇನ್ನು ಔಷಧ ಸುಲಭ ಎಂದು ಆಗ ಬಹಳ ಜನ ಎಣಿಸಿದರು. ಸಿಡಿ4ನ್ನೇ ಕಾರ್ಖಾನೆಯಲ್ಲಿ ತಯಾರಿಸಿ ರಕ್ತಕ್ಕೆ ಬಿಟ್ಟರೆ ವೈರಸ್ಸು ಆ ಸುಳ್ಳು ಬೀಗಕ್ಕೆ ಅಂಟಿಕೊಂಡು ಮೋಸಹೋದೀತು ಎಂಬ ಯೋಚನೆ. ಪ್ರಯೋಗಾಲಯದ ವೈರಸ್ಸು ಮೋಸಹೋಯಿತು; ರೋಗಿಗಳ ಮೈಯಲ್ಲಿದ್ದ ವೈರಸ್ಸು ಹೋಗಲಿಲ್ಲ.

ಅದಕ್ಕಿಂತ ದೊಡ್ಡ ಒಗಟು 1986ರಲ್ಲೇ ಎದ್ದಿತ್ತು. ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಆಕ್ಸೆಲ್ ಅವರ ತಂಡ ಸಿಡಿ4 ಇಲ್ಲದ ಮನುಷ್ಯರ ಕೋಶಗಳಿಗೆ ಅದರ ಜೀನನ್ನು ಸೇರಿಸಿತು, ವೈರಸ್ಸು ಒಳಹೊಕ್ಕಿತು. ಇಲಿಯ ಕೋಶಗಳಿಗೆ ಅದೇ ಜೀನು ಸೇರಿಸಿತು. ವೈರಸ್ಸು ಬಂದು ಅಂಟಿಕೊಂಡಿತು, ಒಳಗೆ ಹೋಗಲಿಲ್ಲ. ಬಾಗಿಲಿಗೆ ಬಂದು ಕೀಲಿಕೈ ತೂರಿಸಿ ನಿಂತ ನೆಂಟ, ಬಾಗಿಲು ಮಾತ್ರ ತೆರೆಯದು. ಖಜಾನೆಯ ಕೆಲಸ ಬಲ್ಲ ನಮ್ಮಂಥ ಗುಮಾಸ್ತರಿಗೆ ಇದರ ಅರ್ಥ ಥಟ್ಟನೆ ಹೊಳೆಯುತ್ತದೆ. ಸರಕಾರಿ ಖಜಾನೆಯ ಭದ್ರ ಕೊಠಡಿಗೆ ಡಬಲ್ ಲಾಕ್ ಇರುತ್ತದೆ. ಒಂದು ಕೈ ಒಬ್ಬ ಅಧಿಕಾರಿಯ ಹತ್ತಿರ, ಇನ್ನೊಂದು ಇನ್ನೊಬ್ಬರ ಹತ್ತಿರ. ಬ್ಯಾಂಕಿನ ಲಾಕರಿನಲ್ಲಿ ಒಡವೆ ಇಟ್ಟ ತಾಯಂದಿರಿಗೂ ಇದು ಗೊತ್ತು. ಮನುಷ್ಯರ ಕೋಶದಲ್ಲಿ ಇದ್ದು ಇಲಿಯದರಲ್ಲಿ ಇಲ್ಲದ ಎರಡನೆಯ ಬೀಗವೊಂದು ಇರಲೇಬೇಕಾಗಿತ್ತು.

ಅದನ್ನು ಹುಡುಕಲು ಹತ್ತು ವರ್ಷ ಹಿಡಿಯಿತು. ಆ ಹತ್ತು ವರ್ಷಗಳಲ್ಲಿ ರೋಗ ಜಗತ್ತಿನ ಮೂಲೆಮೂಲೆಗೆ ಹೋಯಿತು, ಸತ್ತವರಿಗೆ ಲೆಕ್ಕವಿಲ್ಲ. 1993ರಲ್ಲಿ ಪ್ಯಾರಿಸ್ಸಿನಿಂದ ಸಿಡಿ26 ಎಂಬುದೇ ಎರಡನೆಯ ಬೀಗವೆಂದು ಸುದ್ದಿ ಬಂತು; ಬೇರೆಯವರು ಮಾಡಿ ನೋಡಿದಾಗ ಹಾಗೆ ಕಾಣಲಿಲ್ಲ.

ಈ ನಡುವೆ ಬೇರೆ ರೆಟ್ರೊವೈರಸ್ಸುಗಳ ಬೀಗಗಳು ಒಂದೊಂದಾಗಿ ಸಿಕ್ಕವು. ಇಲಿಯ ರಕ್ತದ ಅರ್ಬುದದ ವೈರಸ್ಸು ಮನುಷ್ಯರ ಕೋಶಕ್ಕೆ ಹೋಗಲಾರದು. ಮನುಷ್ಯರ ಕೋಶಗಳಿಗೆ ಇಲಿಯ ಡಿ.ಎನ್.ಎ. ತುಣುಕುಗಳನ್ನು ಸೇರಿಸಿ, ವೈರಸ್ಸು ಹೊಕ್ಕ ಒಂದೆರಡು ಕೋಶಗಳನ್ನು ಆರಿಸಿ, ಅವಕ್ಕೆ ಯಾವ ತುಣುಕು ಬಂದಿದೆ ಎಂದು ಹುಡುಕಿ, ಲೊರೇನ್ ಆಲ್‌ಬ್ರಿಟನ್ ಮತ್ತು ಜೇಮ್ಸ್ ಕನ್ನಿಂಗ್‌ಹ್ಯಾಮ್ ಅವರ ತಂಡ 1989ರಲ್ಲಿ ಆ ಬೀಗದ ಜೀನನ್ನು ಹಿಡಿಯಿತು. ಇಲಿಗೆ ಅದರಿಂದ ಏನು ಉಪಯೋಗ ಎಂಬುದು ತಿಳಿದದ್ದು 1991ರಲ್ಲಿ. ಅದು ಆರ್ಜಿನೀನ್, ಲೈಸೀನ್ ಎಂಬ ಅಮೈನೊ ಆಮ್ಲಗಳನ್ನು, ಎಂದರೆ ಆಹಾರವನ್ನು, ಕೋಶದೊಳಗೆ ತರುವ ದಾರಿ! ಗಿಬ್ಬನ್ ಕಪಿಯ ವೈರಸ್ಸು ಹಿಡಿಯುವುದು ಫಾಸ್ಫೇಟ್ ತರುವ ದಾರಿಯನ್ನು. ಕೋಳಿಯ ಎ ಪಂಗಡದ ಬೀಗ 1993ರಲ್ಲಿ ಸಿಕ್ಕಾಗ ಅದು ಕೊಲೆಸ್ಟರಾಲ್ ಸಾಗಿಸುವ ಪ್ರೋಟೀನಿನ ನೆಂಟನಂತೆ ಕಂಡಿತು. ಯಾವ ಕೋಶವೂ ವೈರಸ್ಸಿಗೆಂದು ಬಾಗಿಲು ಇಡುವುದಿಲ್ಲ. ಹಾಲಿನವನಿಗೆಂದು ಇಟ್ಟ ಕಿಂಡಿಯಲ್ಲಿ ಕಳ್ಳ ಕೈ ಹಾಕುತ್ತಾನೆ.

ಏಡ್ಸ್ ವೈರಸ್ಸಿನ ಎರಡನೆಯ ಬೀಗಕ್ಕೆ ಮೊದಲ ಸುಳಿವು ಬಂದದ್ದು 1995ರ ಡಿಸೆಂಬರಿನಲ್ಲಿ. ಕೀಮೊಕೈನ್ ಎಂಬವು ಕಾವಲು ಕೋಶಗಳನ್ನು ಗಾಯದ ಕಡೆಗೆ ಕರೆಯುವ ಸಣ್ಣ ಪ್ರೋಟೀನುಗಳು. ಅವುಗಳಲ್ಲಿ ಮೂರು ಈ ವೈರಸ್ಸನ್ನು ತಡೆಯುತ್ತವೆ ಎಂದು ರಾಬರ್ಟ್ ಗ್ಯಾಲೊ ಮತ್ತು ಪಾವ್ಲೊ ಲುಸ್ಸೊ ಅವರ ಗುಂಪು ಪ್ರಕಟಿಸಿತು. 1996ರ ಮೇ ತಿಂಗಳಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಎಡ್ವರ್ಡ್ ಬರ್ಗರ್ ತಂಡದ ಕೈಗೆ ಬೀಗವೇ ಸಿಕ್ಕಿತು. ಅವರು ಸಿಡಿ4 ಇರುವ ಇಲಿಯ ಕೋಶಗಳಿಗೆ ಮನುಷ್ಯರ ಜೀನುಗಳ ಸಂಗ್ರಹವನ್ನೇ ಸುರಿದು, ವೈರಸ್ಸಿನ ಅಂಗಿ ತೊಟ್ಟ ಕೋಶಗಳೊಡನೆ ಯಾವುದು ಬೆಸೆದುಕೊಳ್ಳುತ್ತದೆ ಎಂದು ನೋಡುತ್ತ, ಜರಡಿ ಹಿಡಿಯುತ್ತ, ಕೊನೆಗೆ ಒಂದೇ ಜೀನಿಗೆ ಬಂದು ನಿಂತರು. ಅದು ಕೀಮೊಕೈನಿನ ಬೀಗಗಳ ಮನೆತನದ್ದು. ಬೆಸೆಯುವುದರಿಂದ ಅದಕ್ಕೆ 'ಫ್ಯೂಸಿನ್' ಎಂದು ಹೆಸರಿಟ್ಟರು. ಈಗ ಅದು ಸಿಎಕ್ಸ್‌ಸಿಆರ್4. ಎರಡು ಸುದ್ದಿಗಳನ್ನು ಕೂಡಿಸಲು ಯಾರಿಗೂ ತಡವಾಗಲಿಲ್ಲ. ಮುಂದಿನ ತಿಂಗಳೇ ಐದು ಪ್ರಯೋಗಾಲಯಗಳು ಅದೇ ಮನೆತನದ ಇನ್ನೊಂದು ಬೀಗವನ್ನು, ಸಿಸಿಆರ್5ನ್ನು, ಪ್ರಕಟಿಸಿದವು. ಒಬ್ಬರಿಂದ ಒಬ್ಬರಿಗೆ ದಾಟುವ ವೈರಸ್ಸು ಸಾಮಾನ್ಯವಾಗಿ ಬಳಸುವುದು ಇದನ್ನೇ. ಹತ್ತು ವರ್ಷ ತೆರೆಯದಿದ್ದ ಬಾಗಿಲು ಎರಡು ತಿಂಗಳಲ್ಲಿ ತೆರೆಯಿತು.

ಅದೇ ವರ್ಷದ ಆಗಸ್ಟಿನ ಹೊತ್ತಿಗೆ ಕೋಳಿಯ ಲೆಕ್ಕ ಮತ್ತೆ ಬಂತು. ಪದೇಪದೇ ವೈರಸ್ಸಿಗೆ ಒಡ್ಡಿಕೊಂಡರೂ ಸೋಂಕು ತಾಗದ ಕೆಲವರಿದ್ದರು. ಅಂಥ ಇಬ್ಬರ ಸಿಸಿಆರ್5 ಜೀನನ್ನು ಓದಿ ನೋಡಿದಾಗ ಎರಡೂ ಪ್ರತಿಗಳಲ್ಲಿ 32 ಅಕ್ಷರಗಳು ಕಾಣೆಯಾಗಿದ್ದವು. ಅವರ ಕೋಶದ ಮೇಲೆ ಎರಡನೆಯ ಬೀಗವೇ ಇರಲಿಲ್ಲ. ಉತ್ತರ ಯುರೋಪಿನ ಮೂಲದವರಲ್ಲಿ ನೂರಕ್ಕೆ ಒಬ್ಬರು ಹೀಗಿರುತ್ತಾರೆ. ನಮ್ಮಲ್ಲಿ ಈ ಲೋಪ ಬಲು ಅಪರೂಪ. ಅದೃಷ್ಟ ಎಲ್ಲ ಕಡೆ ಸಮನಾಗಿ ಹಂಚಿಲ್ಲ. ಬರ್ಲಿನ್ನಿನಲ್ಲಿದ್ದ ಟಿಮೊಥಿ ರೇ ಬ್ರೌನ್ ಎಂಬ ಅಮೆರಿಕನ್ನರಿಗೆ ಈ ವೈರಸ್ಸೂ ಇತ್ತು, ರಕ್ತದ ಅರ್ಬುದವೂ ಬಂತು. ವೈದ್ಯ ಗೆರೊ ಹ್ಯೂಟರ್ 2007ರಲ್ಲಿ, ಬೀಗವಿಲ್ಲದ ದಾನಿಯನ್ನೇ ಹುಡುಕಿ ಅವರ ಅಸ್ಥಿಮಜ್ಜೆಯ ಮೂಲಕೋಶಗಳನ್ನು ಬ್ರೌನರಿಗೆ ಕೊಟ್ಟರು. ವೈರಸ್ಸು ಮರಳಲಿಲ್ಲ. 2020ರಲ್ಲಿ ಬ್ರೌನ್ ತೀರಿಕೊಂಡದ್ದು ಅರ್ಬುದ ಮರುಕಳಿಸಿದ್ದರಿಂದ. ಎಲ್ಲರಿಗೂ ಮಾಡಬಹುದಾದ ಚಿಕಿತ್ಸೆಯಲ್ಲ ಇದು. ಅದರ ಅಪಾಯವೇ ಒಬ್ಬರನ್ನು ಕೊಲ್ಲಬಲ್ಲದು.

ಇನ್ನು ಬಾಗಿಲು ತೆರೆಯುವ ಗಳಿಗೆಯಲ್ಲಿ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ನಮಗೆ ಇಡೀ ವಿಷಯದಲ್ಲಿ ಮನಸ್ಸು ನೆಟ್ಟದ್ದು ಇಲ್ಲಿ. ಏಡ್ಸ್ ವೈರಸ್ಸಿನ ಮೈಮೇಲೆ ಇರುವ ಮೊಳೆಗಳು ಹತ್ತು ಹದಿನೈದರಷ್ಟು ಮಾತ್ರ. ಫ್ಲೂ ವೈರಸ್ಸಿಗಾದರೆ ನೂರಾರು. ಒಂದೊಂದು ಮೊಳೆಯೂ ಮೂರು ಎಳೆಗಳ ಜೋಡಣೆ. ಪ್ರತಿ ಎಳೆಯಲ್ಲಿ ಎರಡು ತುಂಡು: ಹೊರಗೆ ಟೋಪಿಯಂತೆ ಕೂತ ಜಿಪಿ120, ಕೆಳಗೆ ಹೊದಿಕೆಗೆ ನಾಟಿಕೊಂಡ ಜಿಪಿ41. ಟೋಪಿಯ ತೂಕದಲ್ಲಿ ಅರ್ಧದಷ್ಟು ಬರಿಯ ಸಕ್ಕರೆಯ ಸರಪಳಿಗಳು. ಅವು ನಮ್ಮ ದೇಹದ ಸಕ್ಕರೆಗಳೇ ಆದ್ದರಿಂದ ಪ್ರತಿಕಾಯಗಳು ಮೋಸಹೋಗುತ್ತವೆ. ಪೊಲೀಸರ ಸಮವಸ್ತ್ರ ತೊಟ್ಟ ಕಳ್ಳ ಎನ್ನಬಹುದು.

1998ರಲ್ಲಿ ಪೀಟರ್ ಕ್ವಾಂಗ್, ವೇನ್ ಹೆಂಡ್ರಿಕ್ಸನ್, ಜೋಸೆಫ್ ಸೊಡ್ರೋಸ್ಕಿ ಮೊದಲಾದವರು ಜಿಪಿ120 ಮತ್ತು ಸಿಡಿ4 ಕೂಡಿದ ಹರಳು ಮಾಡಿ ಎಕ್ಸ್-ಕಿರಣದಿಂದ ಅದರ ರೂಪ ಬಿಡಿಸಿದರು. ಸಿಡಿ4ರ 43ನೆಯ ಸ್ಥಾನದಲ್ಲಿ ಚಾಚಿಕೊಂಡಿರುವ ಫೀನೈಲ್‌ಅಲನೀನ್ ಎಂಬ ಒಂದು ಅಮೈನೊ ಆಮ್ಲ ಜಿಪಿ120ರ ಒಂದು ಗುಳಿಯ ಬಾಯಿಯಲ್ಲಿ ಹೋಗಿ ಕೂರುತ್ತದೆ. ಹಾಗೆ ಕೂತೊಡನೆ ಜಿಪಿ120 ತನ್ನ ಆಕಾರವನ್ನೇ ಬದಲಿಸಿ, ಅದುವರೆಗೆ ಮುಚ್ಚಿಟ್ಟಿದ್ದ ಇನ್ನೊಂದು ಮಗ್ಗುಲನ್ನು ಹೊರಗೆ ತೋರುತ್ತದೆ. ಸಿಸಿಆರ್5ಕ್ಕೆ ಹೊಂದುವುದು ಆ ಮಗ್ಗುಲು. ಎರಡನೆಯ ಕೀಲಿಕೈಯನ್ನು ಮೊದಲ ಬೀಗ ತೆರೆಯುವವರೆಗೆ ಸೊಂಟದಿಂದ ಹೊರತೆಗೆಯುವುದೇ ಇಲ್ಲ. ಹೊರಗೆ ಇಟ್ಟುಕೊಂಡಿದ್ದರೆ ಕಾವಲು ಪಡೆ ಗುರುತಿಸಿಬಿಡುತ್ತಿತ್ತು.

ಎರಡನೆಯ ಬೀಗವೂ ಹಿಡಿದಾಗ ಕೆಳಗೆ ಮಡಚಿಕೊಂಡಿದ್ದ ಜಿಪಿ41 ಸ್ಪ್ರಿಂಗಿನಂತೆ ಬಿಚ್ಚಿ, ತನ್ನ ತುದಿಯನ್ನು ಗಾಳದ ಹಾಗೆ ಕೋಶದ ಪೊರೆಗೆ ಚುಚ್ಚುತ್ತದೆ. ಈಗ ಅದರ ಒಂದು ತುದಿ ವೈರಸ್ಸಿನಲ್ಲಿ, ಇನ್ನೊಂದು ಕೋಶದಲ್ಲಿ. ಆಮೇಲೆ ಅದು ಮಧ್ಯಕ್ಕೆ ಮಡಚಿಕೊಳ್ಳುತ್ತದೆ. ಮೂರು ಎಳೆಗಳ ಆರು ಸುರುಳಿಗಳು ಒಂದರ ಪಕ್ಕಕ್ಕೊಂದು ಬಿಗಿದು ಕಟ್ಟಾಗುತ್ತವೆ. ಈ ಕಟ್ಟಿನ ರೂಪವನ್ನು 1997ರಲ್ಲಿ ಪೀಟರ್ ಕಿಮ್ ಅವರ ತಂಡ ಮತ್ತು ಡಾನ್ ವೈಲಿ ಅವರ ತಂಡ ಬೇರೆಬೇರೆಯಾಗಿ ಕಂಡವು. ಕಟ್ಟು ಬಿಗಿದಂತೆ ಎರಡು ಪೊರೆಗಳು ಹತ್ತಿರಕ್ಕೆ ಎಳೆಯಲ್ಪಟ್ಟು, ತೆಂಗಿನೆಣ್ಣೆಯ ಎರಡು ಹನಿಗಳು ಸೇರಿದಂತೆ ಒಂದಾಗುತ್ತವೆ. ಸರಕು ಒಳಗೆ. ಇಷ್ಟಕ್ಕೂ ವೈರಸ್ಸು ಒಂದು ಕಾಳಿನಷ್ಟು ಶಕ್ತಿಯನ್ನೂ ಆಗ ಖರ್ಚು ಮಾಡುವುದಿಲ್ಲ. ಸ್ಪ್ರಿಂಗನ್ನು ಹಿಂದಿನ ಕೋಶದಲ್ಲಿ ತಯಾರಾಗುವಾಗಲೇ ಬಿಗಿದು ಕಳಿಸಿರುತ್ತದೆ. ಕೋಳಿಯ ವೈರಸ್ಸಿನದು ಸ್ವಲ್ಪ ಬೇರೆ ಪದ್ಧತಿ. ಬೀಗ ಹಿಡಿದ ಮೇಲೆ ಕೋಶದೊಳಗಿನ ಚೀಲದ ಹುಳಿಯೂ ತಾಗಬೇಕು ಎಂದು 2000ದಲ್ಲಿ ತೋರಿಸಿದರು.

ಬಾಗಿಲಲ್ಲೇ ತಡೆಯುವ ಔಷಧಗಳೂ ಬಂದವು. ಜಿಪಿ41 ಮಡಚಿಕೊಳ್ಳದಂತೆ ನಡುವೆ ಸಿಕ್ಕಿಕೊಳ್ಳುವ, 36 ಅಮೈನೊ ಆಮ್ಲಗಳ ಎನ್‌ಫುವಿರ್ಟೈಡ್ 2003ರಲ್ಲಿ. ದಿನಕ್ಕೆ ಎರಡು ಬಾರಿ ಚುಚ್ಚಿಕೊಳ್ಳಬೇಕಿತ್ತು. ಸಿಸಿಆರ್5ಕ್ಕೆ ಅಂಟುವ ಮಾರವಿರಾಕ್ ಗುಳಿಗೆ 2007ರಲ್ಲಿ. ಆದರೆ ನಮ್ಮ ಕಾಕಾ ಅವರನ್ನು ಉಳಿಸಿದ್ದು ಇವಲ್ಲ. 2004ರ ಏಪ್ರಿಲ್ 1ರಿಂದ ನಮ್ಮ ಸರಕಾರ ಕೆಲವು ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡತೊಡಗಿದ ಗುಳಿಗೆಗಳು, ಒಳಗೆ ಹೊಕ್ಕ ವೈರಸ್ಸಿನ ಹಿಮ್ಮುಖ ನಕಲನ್ನು ನಿಲ್ಲಿಸುವಂಥವು. ಟೆಮಿನ್, ಬಾಲ್ಟಿಮೋರ್ ಕಂಡ ಕಿಣ್ವವೇ ಅವುಗಳ ಗುರಿ.

ಒಂದು ಮಾತು ಬಿಟ್ಟರೆ ಈ ಪ್ರೋಟೀನಿಗೆ ಅನ್ಯಾಯವಾದೀತು. ಮನುಷ್ಯರ ಡಿ.ಎನ್.ಎ.ಯಲ್ಲಿ ನೂರಕ್ಕೆ ಎಂಟರಷ್ಟು ಭಾಗ ಎಂದೋ ಹೊಕ್ಕು ಉಳಿದುಹೋದ ರೆಟ್ರೊವೈರಸ್ಸುಗಳ ಅವಶೇಷ. ಅವುಗಳಲ್ಲೊಂದರ ಹೊದಿಕೆಯ ಪ್ರೋಟೀನು ಇನ್ನೂ ಕೆಲಸ ಮಾಡುತ್ತಿದೆಯೆಂದು 2000ದಲ್ಲಿ ಗೊತ್ತಾಯಿತು. ಕೆಲಸ ಮಾಡುವುದು ಬಸುರಿಯ ಗರ್ಭದಲ್ಲಿ. ಮಗುವಿನ ಮಾಸಿನ ಹೊರಪದರದಲ್ಲಿ ಕೋಶಗಳು ಒಂದಕ್ಕೊಂದು ಬೆಸೆದು, ನಡುವೆ ಗೋಡೆಯಿಲ್ಲದ ಒಂದೇ ಹಾಳೆಯಾಗಬೇಕು. ತಾಯಿಯ ರಕ್ತದಿಂದ ಆಹಾರ ಮಗುವಿಗೆ ದಾಟುವುದು ಆ ಹಾಳೆಯ ಮೂಲಕ. ಬೆಸೆಯುವ ಕೆಲಸ ಮಾಡುವುದು ಈ ಹಳೆಯ ಕಳ್ಳನ ಕೀಲಿಕೈ. ಅದಕ್ಕೆ ಸಿನ್ಸಿಟಿನ್ ಎಂದು ಹೆಸರು. ಇದು ಹಿಡಿಯುವ ಬೀಗವೂ ಅಮೈನೊ ಆಮ್ಲ ತರುವ ಒಂದು ದಾರಿಯೇ. ಇಲಿಗಳಲ್ಲಿ ಇಂಥದೇ ಪ್ರೋಟೀನನ್ನು ಇಲ್ಲವಾಗಿಸಿದಾಗ ಮರಿಗಳು ಗರ್ಭದಲ್ಲೇ ಸತ್ತವೆಂದು 2009ರಲ್ಲಿ ಫ್ರಾನ್ಸಿನವರು ತೋರಿಸಿದರು.

ಕಾಕಾ ಈಗ ನಿವೃತ್ತರು, ಗುಳಿಗೆ ತಪ್ಪಿಸಿಲ್ಲ, ಗಟ್ಟಿಯಾಗಿದ್ದಾರೆ. ಪೆನ್ಶನ್ನಿನ ಯಾವುದೋ ಕಾಗದಕ್ಕೆಂದು ಕಚೇರಿಗೆ ಬಂದಿದ್ದಾಗ ಕೆಳಗಿನ ಚಹದಂಗಡಿಯ ಬೆಂಚಿನ ಮೇಲೆ ಕೂತು ಅವರಿಗೆ ಇದನ್ನೆಲ್ಲ ಹೇಳಿದೆವು. ವೈರಸ್ಸಿಗೆ ಎರಡು ಬೀಗಗಳೂ ಇರುವ ಜೀವಂತ ಕೋಶ ಬೇಕು; ಸ್ಟೀಲು ಲೋಟದ ಮೇಲೆ ಅಂಥದು ಇಲ್ಲ, ನಮ್ಮ ಅಂಗೈಯ ಮೇಲ್ತೊಗಲೂ ಸತ್ತ ಪದರ, ಅದಕ್ಕೂ ಬಾಗಿಲಿಲ್ಲ; ರಕ್ತ ರಕ್ತಕ್ಕೆ ಸೇರಬೇಕು, ಇಲ್ಲವೆ ಲೈಂಗಿಕ ಕೂಟದಲ್ಲಿ, ಇಲ್ಲವೆ ತಾಯಿಯಿಂದ ಮಗುವಿಗೆ ದಾಟಬೇಕು ಎಂದು. ಅವರು ಕೋಳಿಯ ಕಥೆಯಿಂದ ಖಜಾನೆಯ ಬೀಗದವರೆಗೆ ಎಲ್ಲವನ್ನೂ ತಲೆ ಆಡಿಸುತ್ತ ಕೇಳಿದರು.

"ಲೋಟಕ್ಕ ಬಾಗಲಾನ ಇಲ್ಲಂದ್ರಿ," ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆವಾಗ ಕೇಳಿದ್ನಲ್ರಿ ಸಾಹೇಬ್ರ. ಹುಡುಕಿ ಹೇಳಾಕ ಇಷ್ಟ ವರ್ಷ ಬೇಕಾತೇನ್ರಿ?"

ನಾವು ಏನೂ ಹೇಳಲಿಲ್ಲ. ಅಷ್ಟರಲ್ಲಿ ಹುಡುಗ ಚಹ ತಂದಿಟ್ಟ.